‘ಹೊಲಿಗಿ ನಂದೈತ್ರಿ’: ಕೌದಿಗೆ ದರ ಕಟ್ಟಿದ ಫಕೀರವ್ವ

ಸೂರ್ಯ ಹುಟ್ಟಲು ಇನ್ನೂ ಹೊತ್ತಿದೆ. ಹನುಮಸಾಗರದ ಅಂಚಿನ ಓಣಿಯಲ್ಲಿ, ಬೇವಿನ ಮರದ ಕೆಳಗಿನ ಹಾಸುಗಲ್ಲಿನ ಕಟ್ಟೆಯ ಮೇಲೆ ಫಕೀರವ್ವ ಆಗಲೇ ಕೆಲಸಕ್ಕೆ ಇಳಿದಿದ್ದಾಳೆ. ಒಂದು ಹಳೆಯ ಇಳಕಲ್ಲ ಸೀರೆಯನ್ನು ಉದ್ದಕ್ಕೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಡುತ್ತಾಳೆ. ಅದರ ಮೇಲೆ ಧೋತರದ ತುಂಡು, ಅದರ ಮೇಲೆ ಹರಿದ ಅಂಗಿಯ ಬೆನ್ನು, ಮತ್ತೆ ಸೀರೆ. ಪ್ರತಿ ಪದರವನ್ನೂ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುತ್ತಾ ಹೋಗುತ್ತಾಳೆ. ಒಂದು ಸುಕ್ಕು ಉಳಿದರೂ ಮುಂದೆ ಅದು ಮಲಗಿದವರ ಬೆನ್ನಿಗೆ ಒತ್ತುತ್ತದೆಯಂತೆ.

“ಗಾಳಿ ಏಳೂದ್ರಾಗ ಹಾಸಿ ಮುಗೀಬೇಕ್ರಿ,” ಎನ್ನುತ್ತಾಳೆ, ತಲೆ ಎತ್ತದೆ. “ಬಿಸಲೇರಿತಂದ್ರ ಗಾಳಿ ಏಳತೈತಿ. ಆಮ್ಯಾಲ ನಾ ಒಂದು ಕಡೆ ಹಿಡಿದ್ರ ಅದು ಒಂದು ಕಡೆ ಎಳೀತೈತಿ. ಅದರ ಕೂಡ ಜಗಳಾಡಾಕ ನನಗ ಹೊತ್ತಿಲ್ಲ.”

ಮನುಷ್ಯರ ಕೂಡ ಜಗಳಾಡಲು ಮಾತ್ರ ಆಕೆ ಹೊತ್ತು ಮಾಡಿಕೊಂಡಿದ್ದಾಳೆ. ಪತ್ರಿಕೆಗೆ ಬರೆಯುವ ನಾನು ಇಲ್ಲಿಗೆ ಬಂದದ್ದೇ ಆ ಜಗಳದ ಸುದ್ದಿ ಹಿಡಿದು. ಹೋದ ತಿಂಗಳು ಗಂಗಾವತಿಯ ಸಂತೆಯಲ್ಲಿ ಒಬ್ಬಳು ಕೌದಿ ಹೊಲಿಯುವವಳನ್ನು ದರ ಕೇಳಿದೆ. “ಐದು ರೂಪಾಯಿ, ಇದು ಫಕೀರವ್ವನ ದರ,” ಎಂದಳು. ಫಕೀರವ್ವ ಯಾರು ಎಂದರೆ ಆಕೆಗೆ ಗೊತ್ತಿಲ್ಲ, ಕಂಡೂ ಇಲ್ಲ. ಕೊಪ್ಪಳದಲ್ಲಿ ಕೇಳಿದೆ, ಅಲ್ಲಿಯೂ ಫಕೀರವ್ವನ ದರ. ಯಲಬುರ್ಗಿಯಲ್ಲೂ ಅದೇ ಮಾತು. ಕಾಣದ ಹೆಂಗಸೊಬ್ಬಳ ಹೆಸರಿನಲ್ಲಿ ಮೂರು ಊರು ದರ ಹೇಳುತ್ತಿವೆಯಲ್ಲ ಎಂದು ಕುಷ್ಟಗಿಯವರೆಗೆ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ ಬಂದು, ಅಲ್ಲಿಂದ ಚಕ್ಕಡಿ ಹಿಡಿದು ಹನುಮಸಾಗರ ಮುಟ್ಟಿದ್ದೇನೆ.

ಐವತ್ತರ ಹತ್ತಿರದ ಹೆಂಗಸು. ಕುಳ್ಳು ಮೈ, ಅಗಲವಾದ ಅಂಗೈ. ಬಲಗೈಯ ತೋರುಬೆರಳಿನ ತುದಿ ಸೂಜಿ ಒತ್ತಿ ಒತ್ತಿ ಕೊರಡಾಗಿದೆ. ಯಲಬುರ್ಗಿ ಕಡೆಯ ಹಳ್ಳಿಯ ಹುಡುಗಿ ಹದಿಮೂರಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಹುಚ್ಚೀರಪ್ಪ ಬಾವಿ ತೋಡುವವನು. ಹದಿನೈದು ವರ್ಷದ ಹಿಂದೆ, ಮೂವತ್ತೊಂದನೆಯ ಇಸವಿಯಲ್ಲಿ, ತೋಡುತ್ತಿದ್ದ ಬಾವಿಯ ದಂಡೆ ಕುಸಿದು ಒಳಗೇ ಉಳಿದುಹೋದ. ಆಗ ಮಗ ಮಾರೆಪ್ಪನಿಗೆ ಆರು ವರ್ಷ. ಹಗಲು ಕಂಡವರ ಹೊಲದಲ್ಲಿ ಕಳೆ ತೆಗೆಯುವುದು, ಕೆಲಸವಿಲ್ಲದ ದಿನ ಊರವರಿಗೆ ಕೌದಿ ಹೊಲಿದುಕೊಡುವುದು, ಹೀಗೆ ಸಾಗಿತು. ಆ ಮಗ ಈಗ ಮುನಿರಾಬಾದಿನಲ್ಲಿ, ಹೊಸದಾಗಿ ಶುರುವಾದ ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಒಡೆಯಲು ಹೋಗಿದ್ದಾನೆ. ಮನೆಯಲ್ಲಿ ಅತ್ತೆ ಮತ್ತು ಸೊಸೆ ಹುಲಗೆಮ್ಮ, ಇಬ್ಬರೇ.

ಆಗೆಲ್ಲ ಕೌದಿಗೆ ದರ ಎಂಬುದೇ ಇರಲಿಲ್ಲ. ದೊಡ್ಡ ಮನೆಯಿಂದ ಹರಕು ಅರಿವೆಯ ಗಂಟು ಬರುತ್ತಿತ್ತು. ಹದಿನೈದು ಇಪ್ಪತ್ತು ದಿನ ಬೆನ್ನು ಬಗ್ಗಿಸಿ ಹೊಲಿದು ಒಯ್ದು ಕೊಟ್ಟರೆ ಮೂರು ಸೇರು ಜೋಳ, ಜಗಲಿಯ ಮೇಲೊಂದು ಊಟ. ಯಜಮಾನತಿಯ ಮನಸ್ಸು ಛಲೋ ಇದ್ದರೆ ಒಂದು ಹಳೆಯ ಕುಪ್ಪಸ. ಏಳೆಂಟು ವರ್ಷ ಫಕೀರವ್ವ ಇದನ್ನೇ ಇಸಕೊಂಡಳು.

“ಒಂದಿನ ಕಳೆ ತೆಗ್ಯಾಕತ್ತಿದ್ದೆ,” ಎಂದು ಆಕೆ ನೆನೆಯುತ್ತಾಳೆ. “ಸಂಜಿಕ್ಕ ನಾಕಾಣಿ ಕೈಯಾಗ ಇಟ್ರು. ಇಟ್ಟವರು ಯಾರಂತೀರಿ? ಹಿಂದಿನ ದಿನ ಕೌದಿಗೆ ಮೂರು ಸೇರು ಜೋಳ ಅಳದು ಹಾಕಿದ ಮನಿಯವರ. ನಾ ಅಲ್ಲೇ ಬದುವಿನ ಮ್ಯಾಲೆ ಕುಂತೆ. ಹೊಲದಾಗ ಬಗ್ಗಿದ್ರ ದಿನಕ್ಕ ನಾಕಾಣಿ. ಕೌದಿ ಮ್ಯಾಲೆ ಬಗ್ಗಿದ್ರ ಇಪ್ಪತ್ತು ದಿನಕ್ಕ ಮೂರು ಸೇರು ಜೋಳ. ಬಗ್ಗೂ ಬೆನ್ನು ಒಂದ ಅಲ್ಲೇನ್ರಿ?”

ಅಕ್ಷರ ಬಾರದ ಹೆಂಗಸು ಬದುವಿನ ಮೇಲೆ ಹುಣಸೆ ಬೀಜ ಇಟ್ಟು ಎಣಿಸಿ ದರ ಕಟ್ಟಿದಳು. ಹೊಲಿಗೆಯಲ್ಲಿ ಎರಡು ಬಗೆ. ಜೋಳದ ಕಾಳಿನಷ್ಟು ದೊಡ್ಡ ಹೊಲಿಗೆಯಾದರೆ ಕೌದಿ ಹನ್ನೆರಡು ದಿನಕ್ಕೆ ಮುಗಿಯುತ್ತದೆ, ದಿನಕ್ಕೆ ನಾಲ್ಕಾಣೆಯಂತೆ ಮೂರು ರೂಪಾಯಿ. ಅಕ್ಕಿಕಾಳಿನಂಥ ಸಣ್ಣ ಹೊಲಿಗೆಗೆ ಇಪ್ಪತ್ತು ದಿನ, ಐದು ರೂಪಾಯಿ. ಎಲ್ಲವೂ ನಿಜಾಮಶಾಹಿಯ ‘ಹಾಲಿ’ ನಾಣ್ಯದ ರೂಪಾಯಿಯಲ್ಲಿ. ಅರಿವೆ, ದಾರ ಕೊಡುವವರದು. ಕೂಸಿನ ಕೌದಿಗೆ ಹನ್ನೆರಡಾಣೆ, ಆದರೆ ಕೂಲಿ ಮನೆಯ ಬಾಣಂತಿಯಾದರೆ ಏನೂ ಇಲ್ಲ. “ಅದಕ್ಕ ಯಾರಾದರೂ ರೊಕ್ಕಾ ಇಸ್ಕೋತಾರೇನ್ರಿ?” ಎಂದು ನನ್ನನ್ನೇ ಬೈಯುವಂತೆ ನೋಡುತ್ತಾಳೆ.

ಕೆಲಸದ ಶಿಸ್ತೂ ಆಕೆಯದೇ. ಮನೆಯ ತೊಲೆಗೆ ಒಂದು ಹಗ್ಗ ಕಟ್ಟಿದೆ. ಕೌದಿ ಹೇಳಿಹೋದವರ ಅರಿವೆಯಿಂದ ಒಂದು ಬಟ್ಟು ಅಗಲದ ಪಟ್ಟಿ ಹರಿದು, ಬಂದ ಸಾಲಿನಂತೆಯೇ ಆ ಹಗ್ಗಕ್ಕೆ ಗಂಟು ಹಾಕುತ್ತಾಳೆ. ಎಡಗಡೆಯದು ಮೊದಲು ಬಂದವರದು. ತಹಶೀಲಿನ ಮನುಷ್ಯ ಬಂದರೂ ಪಟ್ಟಿ ಬಲಗಡೆಗೇ. ಇವತ್ತು ಹಗ್ಗದಲ್ಲಿ ಹನ್ನೊಂದು ಪಟ್ಟಿಗಳಿವೆ. ಮೂರು ಜನ ಸೇರಿ ಹೊಲಿದರೂ ಎರಡು ತಿಂಗಳಿಗೆ ಮಿಕ್ಕಿದ ಕೆಲಸ.

ಮೂರು ಜನ ಎಂದರೆ ಫಕೀರವ್ವ, ಎದುರು ಮನೆಯ ಜೈನಾಬೀ, ಹಿತ್ತಿಲ ಓಣಿಯ ಭೀಮಕ್ಕ. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಅವರಿಬ್ಬರೂ ಬಂದು, ಮೂವರೂ ಕೌದಿಯ ಮೂರು ಮೂಲೆ ಹಿಡಿದು ಕೂತಾಯಿತು. ನಾಲ್ಕನೆಯ ಮೂಲೆಯಲ್ಲಿ ಸೊಸೆ ಹುಲಗೆಮ್ಮ. ಜೈನಾಬೀಯ ಗಂಡ ಅಬ್ದುಲಸಾಬ ಪಕ್ಕದಲ್ಲಿ ಕೂತು, ಬೆಳಕಿಗೆ ಹಿಡಿದು, ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಾನೆ. ಹೆಂಗಸರ ಕಣ್ಣು ಮಂಜಾಗಿವೆ, ಅವನ ಕಣ್ಣು ಇನ್ನೂ ಚೂಪಾಗಿವೆ.

ಮೂರು ವರ್ಷದ ಹಿಂದಿನ ಸಂಗತಿಯನ್ನು ಇವರೆಲ್ಲ ಸೇರಿ, ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಹೇಳುತ್ತಾರೆ.

ನಾಲ್ವತ್ತಮೂರನೆಯ ಇಸವಿ. ಯುದ್ಧದ ದೆಸೆಯಿಂದ ಅರಿವೆಗೆ ಕಂಟ್ರೋಲು ಬಂದಿತ್ತು. ರೊಕ್ಕವಿದ್ದವರಿಗೂ ಹೊಸ ಬಟ್ಟೆ ಸಿಗದ ಕಾಲ. ಎರಡು ಹರದಾರಿ ದೂರದ ಊರಿನ ಜಮೀನುದಾರರ ಒಂದು ವಾಡೆಯಿಂದ ಮಗಳ ಮದುವೆಗೆ ಆರು ಕೌದಿ ಬೇಕೆಂದು ಕಾರಭಾರಿ ಬಂದ. ಆರೂ ಅಕ್ಕಿಕಾಳಿನ ಹೊಲಿಗೆ. ದರ ಐದು ಎಂದಾಗ ಹೂಂ ಎಂದ, ಆರು ರೂಪಾಯಿ ಮುಂಗಡವನ್ನೂ ಕೊಟ್ಟ. ಮೂರು ಹೆಂಗಸರು ಒಬ್ಬೊಬ್ಬರು ಎರಡರಂತೆ ನಲವತ್ತು ದಿನ ಹೊಲಿದರು. ವಾಡೆಯ ಹೆಸರು ಕೇಳಿದರೆ ಫಕೀರವ್ವ ಕೈ ಅಡ್ಡ ಆಡಿಸುತ್ತಾಳೆ.

“ಹೆಸರು ಬರೀಬ್ಯಾಡ್ರಿ. ಅಂಜಿ ಹೇಳಾಕತ್ತಿಲ್ಲ. ಪೇಪರಿನಾಗ ಹೆಸರು ಬಂತಂದ್ರ ಅವರ ದೊಡ್ಡವರಾಗ್ತಾರ.”

ಮದುವೆಗೆ ಮೂರು ದಿನವಿರುವಾಗ, ಬೆಳಿಗ್ಗೆ, ಅಬ್ದುಲಸಾಬನ ಚಕ್ಕಡಿಯಲ್ಲಿ ಆರು ಕೌದಿ ಹೇರಿಕೊಂಡು ಮೂವರೂ ವಾಡೆಗೆ ಹೋದರು. ಅಂಗಳದಲ್ಲಿ ಚಪ್ಪರ ಏಳುತ್ತಿತ್ತು, ಬೀಗರ ಕಡೆಯ ಕೆಲವರು ಆಗಲೇ ಬಂದಿಳಿದಿದ್ದರು. ಒಳಗಿನಿಂದ ಹೆಂಗಸರು ಬಂದು ಕೌದಿಯ ಹೊಲಿಗೆ ಮುಟ್ಟಿ ಮುಟ್ಟಿ ನೋಡಿದರು. ಕಾರಭಾರಿ ಒಂದು ಮೊರದ ತುಂಬ ಜೋಳ ತಂದು ಫಕೀರವ್ವನ ಮುಂದೆ ಸುರಿದ. ಜತೆಗೊಂದು ಹಳೆಯ ಸೀರೆ.

“ಉಳಿದದ್ದು ಇಪ್ಪತ್ನಾಕು ರೂಪಾಯಿ ರೀ,” ಎಂದಳು ಫಕೀರವ್ವ.

ತೂಗುಮಣೆಯ ಮೇಲೆ ಕೂತಿದ್ದ ಧಣಿ ಅಲ್ಲಿಂದಲೇ ಕೇಳಿದ: “ಚಿಂದಿಗೆ ಎಂಥಾ ರೊಕ್ಕಾನ? ಅರಿವಿ ನಮ್ಮವು, ದಾರ ನಮ್ಮದು. ಇದರಾಗ ನಿಂದೇನೈತಿ?”

“ಹೊಲಿಗಿ ನಂದೈತ್ರಿ.”

ಧಣಿ ನಕ್ಕ. ಬೀಗರೂ ನಕ್ಕರು. “ಹಂಗಾದ್ರ ನಿನ್ನ ಹೊಲಿಗಿ ನೀ ತಗೊಂಡು ನಡೀ,” ಎಂದ.

ಇಷ್ಟು ಹೇಳಿ ಫಕೀರವ್ವ ಸೂಜಿ ನಿಲ್ಲಿಸುತ್ತಾಳೆ. “ಅಂವ ಚ್ಯಾಷ್ಟಿಗೆ ಅಂದ. ನನಗ ಅದು ಖರೇ ಮಾತು ಅನಿಸ್ತು. ಅಲ್ರಿ, ಅಂವ ಹೇಳೂದು ಸರಿ ಐತಿ. ಅರಿವಿ ಅವರವು, ದಾರ ಅವರದು. ಹೊಲಿಗಿ ಒಂದ ನಂದು. ತಗೊಂಡು ಹೋಗಂತಾನ, ತಗೊಂಡು ಹೋಗೂದು.”

ಆಕೆ ಅಂಗಳದ ನಡುವೆ ಕೂತು, ಆರರಲ್ಲಿ ಒಂದು ಕೌದಿ ತೆಗೆದು ಕಟ್ಟೆಯ ಮೇಲಿಟ್ಟಳು. ಮುಂಗಡ ಬಂದದ್ದು ಆರು ರೂಪಾಯಿ, ಕೌದಿಗೆ ಐದು, ಅದು ಅವರದಾಯಿತು. ಸೆರಗಿನ ಗಂಟು ಬಿಚ್ಚಿ ಉಳಿದ ಒಂದು ರೂಪಾಯಿಯನ್ನು ಆ ಕೌದಿಯ ಮೇಲಿಟ್ಟಳು. ಆಮೇಲೆ ಎರಡನೆಯ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೂಜಿಯ ತುದಿಯಿಂದ ಮೊದಲ ಹೊಲಿಗೆ ಎತ್ತಿ, ದಾರ ಜಗ್ಗಿದಳು.

ಭೀಮಕ್ಕ ಬಾಯಿ ತೆರೆದು ನಿಂತಿದ್ದಳಂತೆ. “ಅಕ್ಕಾ ಬ್ಯಾಡ ಅಂದೆ. ಇಕಿ ನನ್ನ ಮಾರಿ ಸೈತ ನೋಡಲಿಲ್ಲ. ಜೈನಾಬೀ ಹೋಗಿ ಬಾಜೂಕ ಕುಂತ್ಲು. ಆಮ್ಯಾಲೆ ನಾನೂ ಕುಂತೆ. ಏನ ಮಾಡ್ಲಿ?”

ಹೊಲಿಯಲು ಇಪ್ಪತ್ತು ದಿನ ಹಿಡಿದ ಕೌದಿ ಬಿಚ್ಚಲು ಅರ್ಧ ದಿನ ಸಾಕು. ಬಿಚ್ಚಿದಂತೆಲ್ಲ ವಾಡೆಯ ಹರಕು ಹೊರಗೆ ಬಂತು. ತೂತು ಬಿದ್ದ ಧೋತರ, ಮೂರು ಕಡೆ ತೇಪೆ ಹಾಕಿದ ಕುಪ್ಪಸ, ಬಣ್ಣ ಹೋದ ಸೀರೆ. ಫಕೀರವ್ವ ಒಂದೊಂದನ್ನೂ ಕೊಡವಿ, ಮಡಿಸಿ, ಬೀಗರು ಓಡಾಡುವ ಅಂಗಳದಲ್ಲಿ ಸಾಲಾಗಿ ಇಟ್ಟಳು. ಬಿಚ್ಚಿದ ದಾರವನ್ನು ಉಂಡೆ ಸುತ್ತಿ ಪಕ್ಕಕ್ಕಿಟ್ಟಳು, ಅದೂ ಅವರದೇ ಎಂದು. ಆಗ ಧಣಿ ನಗಲಿಲ್ಲ. ಕಾರಭಾರಿ ಕೋಲು ಹಿಡಿದು ಬಂದ. “ನಿಮ್ಮ ಧಣ್ಯಾರು ಹೇಳಿದ್ದನ್ನ ಮಾಡಾಕತ್ತೀನಪ್ಪಾ, ಬ್ಯಾಡಂತ ಅವರ ಬಾಯಿಂದ ಹೇಳಸು,” ಎಂದಳು ಫಕೀರವ್ವ. ಬೀಗರ ಮುಂದೆ ಆಡಿದ ಮಾತು. ಧಣಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ರೊಕ್ಕವನ್ನೂ ಕೊಡಲಿಲ್ಲ, ಎದ್ದು ಒಳಗೆ ಹೋದ.

ಮಧ್ಯಾಹ್ನದ ಮೇಲೆ ಧಣಿಯ ತಾಯಿ, ಹಣ್ಣು ಹಣ್ಣು ಮುದುಕಿ, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಡಿಸಿಟ್ಟ ಅರಿವೆಗಳ ಸಾಲನ್ನು ನೋಡುತ್ತ ಒಂದು ಹಸಿರು ತುಂಡಿನ ಹತ್ತಿರ ನಿಂತಳು. “ಇದು ನನ್ನ ಧಾರೀ ಸೀರಿ,” ಎಂದಳಂತೆ. ಫಕೀರವ್ವ ಎದ್ದು ಆ ತುಂಡನ್ನು ಎತ್ತಿ ಆಕೆಯ ಕೈಯಲ್ಲಿಟ್ಟಳು. ಮುದುಕಿ ಅದನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದಳು.

ದೀಪ ಹಚ್ಚುವ ಹೊತ್ತಿಗೆ ಐದೂ ಕೌದಿ ಅರಿವೆಯಾಗಿದ್ದವು. ಮೂವರೂ ಜೋಳವನ್ನಾಗಲಿ ಸೀರೆಯನ್ನಾಗಲಿ ಮುಟ್ಟದೆ ಎದ್ದು ಬಂದರು.

ದಾರಿಯಲ್ಲಿ ಅತ್ತಿರಾ ಎಂದು ನಾನು ಕೇಳುತ್ತೇನೆ. “ದಾರ್‍ಯಾಗ ಇಲ್ರಿ, ಇವರಿಬ್ಬರು ಇದ್ರಲ್ಲ,” ಎನ್ನುತ್ತಾಳೆ ಫಕೀರವ್ವ. “ಮನಿಗೆ ಬಂದು ಅತ್ತೆ. ಅಂಥಾ ಹೊಲಿಗಿ ಆಮ್ಯಾಲೆ ನನ್ನ ಕೈಲೆ ಆಗಿಲ್ಲ. ಯಾಕ ಸುಳ್ಳು ಹೇಳ್ಲಿ?”

ವಾಡೆಯವರು ಸುಮ್ಮನಿರಲಿಲ್ಲ. ಫಕೀರವ್ವನಿಗೆ ಕೌದಿ ಕೊಟ್ಟವರಿಗೆ ತಮ್ಮ ಹೊಲದ ಕೂಲಿ ಇಲ್ಲ, ಬಾವಿಯ ನೀರಿಲ್ಲ ಎಂದು ಸುತ್ತಲ ಹಳ್ಳಿಗಳಿಗೆ ಹೇಳಿಕಳಿಸಿದರು. ತೊಲೆಯ ಹಗ್ಗ ಬರಿದಾಯಿತು. ಕೊಟ್ಟಿದ್ದ ಗಂಟುಗಳನ್ನೂ ಜನ ಮುಖ ತಪ್ಪಿಸಿ ಹೊಳ್ಳಿ ಒಯ್ದರು. ಏಳು ತಿಂಗಳು ಆಕೆ ದೂರದ ಊರುಗಳಿಗೆ ಕಳೆ ತೆಗೆಯಲು, ಶೇಂಗಾ ಆರಿಸಲು ನಡೆದಳು. ಒಂದು ಹೊತ್ತು ನುಚ್ಚು, ಒಂದು ಹೊತ್ತು ನೀರು.

ಅದೇ ಮಳೆಗಾಲ ಅಬ್ದುಲಸಾಬ ಚಳಿಜ್ವರ ಬಂದು ಹಾಸಿಗೆ ಹಿಡಿದ. ಚಕ್ಕಡಿ ನಿಂತಿತು. ಇದು ತಿಳಿದೇ ಕಾರಭಾರಿ ಜೈನಾಬೀಯ ಬಾಗಿಲಿಗೆ ಬಂದ. ಬಿಚ್ಚಿದ ಅರಿವೆಗಳನ್ನು ಮತ್ತೆ ಹೊಲಿದುಕೊಡು, ನಾಲ್ಕು ರೂಪಾಯಿಯಂತೆ ಐದಕ್ಕೂ ಮುಂಗಡವಾಗಿಯೇ ಕೊಡುತ್ತೇವೆ, ಆದರೆ ಫಕೀರವ್ವನ ನೆರಳೂ ಬೀಳಬಾರದು ಎಂದ. ಇಪ್ಪತ್ತು ರೂಪಾಯಿ! ಕುಷ್ಟಗಿಯಿಂದ ಡಾಕ್ಟರನ್ನು ಕರೆಸಬಹುದಿತ್ತು.

ಮುಂದಿನದನ್ನು ಜೈನಾಬೀ ಹೇಳುತ್ತಾಳೆ. “ಒಂದಿನ ಪೂರಾ ವಿಚಾರ ಮಾಡ್ದೆ ಸಾಹೇಬ್ರ. ಇವರು ಹಾಸಿಗ್ಯಾಗ ನಡಗಾಕತ್ತಾರ. ಫಕೀರವ್ವಗ ಹೋಗಿ ಕೇಳ್ದೆ. ಇಕಿ ಏನಂದ್ಲು? ‘ತಗೋ ಜೈನಾ, ನಾ ಬ್ಯಾಸರಾ ಮಾಡ್ಕೊಳ್ಳೂದಿಲ್ಲ. ಗಂಡ ಮೊದಲ,’ ಅಂದ್ಲು. ಬೈದಿದ್ರ ಹೊಲೀತಿದ್ನೋ ಏನೋ ಖುದಾನಿಗೇ ಗೊತ್ತು. ಹಂಗಂದ ಮ್ಯಾಲೆ ಹ್ಯಾಂಗ ಹೊಲೀಲ್ರಿ?”

ಮರುದಿನ ಆಕೆ ಎರಡು ಹರದಾರಿ ನಡೆದು ವಾಡೆಗೆ ಹೋದಳು. ಅರಿವೆಯ ಗಂಟನ್ನು ಕೈಯಿಂದ ಒತ್ತಿ ನೋಡಿ ದರ ಹೇಳಿದಳು: “ಕೌದಿಗೆ ಹತ್ತು ರೂಪಾಯಿ ರೀ. ಐದು ಈಗ ಹೊಲಿಯೂದಕ್ಕ, ಐದು ಆಗ ಹೊಲಿದಿದ್ದಕ್ಕ.” ಆಳುಗಳು ಆಕೆಯನ್ನು ತೋಳು ಹಿಡಿದು ಹೊರಗೆ ದಬ್ಬಿದರು.

ಡಾಕ್ಟರಿಗಾಗಿ ಅಬ್ದುಲಸಾಬನ ಜೋಡೆತ್ತಿನಲ್ಲಿ ಒಂದನ್ನು ಮಾರಬೇಕಾಯಿತು. ಜ್ವರ ಬಿಟ್ಟಿತು, ಚಕ್ಕಡಿ ಮತ್ತೆ ಕಟ್ಟಲಾಗಲಿಲ್ಲ. “ಛಲೋ ಎತ್ತಿತ್ರಿ ಅದು,” ಎಂದು ಅಬ್ದುಲಸಾಬ ಸೂಜಿಯೊಂದನ್ನು ಬೆಳಕಿಗೆ ಹಿಡಿಯುತ್ತಾ ಹೇಳುತ್ತಾನೆ. “ಈಗೂ ಸಂತ್ಯಾಗ ನನ್ನ ಕಂಡ್ರ ಗುರುತು ಹಿಡೀತೈತಿ.” ಜೈನಾಬೀ ಅವನತ್ತ ನೋಡುವುದಿಲ್ಲ. ದಾರವನ್ನು ಹಲ್ಲಿನಿಂದ ಕಡಿದು ಮತ್ತೊಂದು ಸೂಜಿಗೆ ಕೈ ಚಾಚುತ್ತಾಳೆ.

ಈ ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ದೂರ ಹೋಯಿತು. ಬಿಚ್ಚಿ ಬಂದವಳದು ಸಿಟ್ಟು ಎಂದು ಜನ ಅಂದುಕೊಂಡಿದ್ದರು. ಗಂಡ ಹಾಸಿಗೆ ಹಿಡಿದಾಗಲೂ ಇನ್ನೊಬ್ಬಳು ಇಪ್ಪತ್ತು ರೂಪಾಯಿಗೆ ಬಗ್ಗಲಿಲ್ಲ ಎಂದಾಗ ಹೊಲಿಯುವ ಹೆಂಗಸರು ಕಿವಿ ನಿಮಿರಿಸಿದರು. ವಾಡೆಯವರು ಯಲಬುರ್ಗಿ ಕಡೆಯಿಂದ ಒಬ್ಬಳನ್ನು ಕರೆಸಿದರೆ ಅವಳೂ ಐದು ಎಂದಳು. ಹೇಮಗುಡ್ಡದ ಹತ್ತಿರದವಳೊಬ್ಬಳಿಗೆ ಹೇಳಿಕಳಿಸಿದರೆ ಅವಳು ಬರಲೇ ಇಲ್ಲ. ಆ ಅರಿವೆಯ ಗಂಟು ಈಗಲೂ ವಾಡೆಯ ಅಟ್ಟದ ಮೇಲಿದೆ ಎಂದು ಭೀಮಕ್ಕ ಹೇಳುತ್ತಾಳೆ. ಅದನ್ನು ಕಂಡವರನ್ನು ಮಾತ್ರ ನಾನು ಕಾಣಲಿಲ್ಲ.

ಅಷ್ಟರಲ್ಲಿ ಚಳಿಗಾಲ ಬಂತು. ಕಂಟ್ರೋಲಿನ ಅಂಗಡಿಯಲ್ಲಿ ಅರಿವೆಯಿಲ್ಲ, ಮನೆ ಮನೆಯಲ್ಲಿ ಹಾಸಲು ಹೊದೆಯಲು ಇಲ್ಲ. ಹರಕನ್ನು ಹೊಲಿಯದೆ ವಿಧಿಯಿಲ್ಲ. ಮೊದಲು ಬಂದವಳು ಅದೇ ವಾಡೆಯ ಊರಿನ ಒಬ್ಬ ಒಕ್ಕಲಗಿತ್ತಿ. ಹಿತ್ತಿಲ ಬಾಗಿಲಿನಿಂದ ಬಂದವಳನ್ನು ಫಕೀರವ್ವ ಒಳಗೆ ಬಿಡಲಿಲ್ಲ. “ಮುಂದಿನ ಬಾಗಿಲಲೆ ಬಾರವಾ. ನಾವೇನು ಕಳುವು ಮಾಡಾಕತ್ತೇವೇನು?” ಎಂದಳು. ಹೆಂಗಸು ಸುತ್ತು ಹಾಕಿ ಮುಂದಿನ ಬಾಗಿಲಿನಿಂದ ಬಂದಳು. ಆಮೇಲೆ ಹಗ್ಗ ಬರಿದಾಗಿಲ್ಲ.

ಈಗ ಮೂವರೂ ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೆ ಕೂರುತ್ತಾರೆ. ದಿನಕ್ಕೆ ಒಬ್ಬೊಬ್ಬರು ಮುಗಿಸುವುದು ಅಕ್ಕಿಕಾಳಿನ ಹೊಲಿಗೆಯಾದರೆ ಒಂದು ಗೇಣು ಅಗಲ, ಅಷ್ಟೇ. ಕಳೆದ ವರ್ಷ ಮೂವತ್ತನಾಲ್ಕು ಕೌದಿ ಹೊರಗೆ ಹೋಗಿವೆ. ರೊಕ್ಕ ಹೊಲಿದವರಿಗೆ ಹೊಲಿದಷ್ಟು. ಎಣಿಕೆ ಮತ್ತೆ ಹುಣಸೆ ಬೀಜದ್ದೇ.

ಈ ವರ್ಷ ಕಳೆಯ ಕೂಲಿ ಐದಾಣೆಯಾಗಿದೆ. ಹಾಗಾಗಿ ಅಕ್ಕಿಕಾಳಿನ ಕೌದಿಗೆ ಆರೂಕಾಲು ರೂಪಾಯಿ ಎಂದು ಮೂವರೂ ಮೊನ್ನೆ ಅಮಾವಾಸ್ಯೆಯ ದಿನ ಮಾತಾಡಿಕೊಂಡಿದ್ದಾರೆ. ಹೊಸ ದರ ಇನ್ನೂ ಯಾರಿಗೂ ಹೇಳಿಲ್ಲ. ಮೊದಲ ಸಲ ಅದನ್ನು ಹುಲಗೆಮ್ಮ ಹೇಳಬೇಕೆಂಬುದು ಫಕೀರವ್ವನ ಹಟ.

ನಿನ್ನ ಆಸೆ ಏನವ್ವ ಎಂದು ನಾನು ಕೇಳಿದ್ದಕ್ಕೆ ಆಕೆ ಗದ್ದದಿಂದಲೇ ಸೊಸೆಯನ್ನು ತೋರಿಸುತ್ತಾಳೆ. “ಇಕಿ ಕೈ ನನಗಿಂತ ಛಲೋ ಐತ್ರಿ. ಸೂಜಿ ಹಿಡಿಯೂದು ಎಂಟು ದಿನದಾಗ ಕಲತ್ಲು. ದರ ಹೇಳಿ ಸುಮ್ಮನ ಕುಂದ್ರೂದು ಎರಡು ವರ್ಷಾದ್ರೂ ಬರವಲ್ದು. ಐದು ಅಂತಾಳ, ಅವರು ಬಾಯಿ ತೆರೆಯೂದ್ರಾಗ ‘ನೀವ ನೋಡಿ ಕೊಡ್ರಿ’ ಅಂತಾಳ. ಅದೊಂದು ಬಂದ್ರ ನನ್ನ ಕೆಲಸ ಮುಗೀತು.” ಹುಲಗೆಮ್ಮ ತಲೆ ಇನ್ನಷ್ಟು ಬಗ್ಗಿಸುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಕುಷ್ಟಗಿ ಕಡೆಯ ಒಬ್ಬ ಮನುಷ್ಯ ಬರುತ್ತಾನೆ. ಕಾಲಲ್ಲಿ ಬೂಟು, ಹೆಗಲ ಮೇಲೆ ಅರಿವೆಯ ಗಂಟು. ಅವನನ್ನು ಕಂಡದ್ದೇ ಫಕೀರವ್ವ ನೀರು ತರಬೇಕೆಂದು ಕೊಡ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಜೈನಾಬೀ, ಭೀಮಕ್ಕ ಇಬ್ಬರೂ ಹೊಲಿಗೆಯಿಂದ ಕಣ್ಣು ಎತ್ತುವುದಿಲ್ಲ. ಅವನು ಗಂಟು ಬಿಚ್ಚುತ್ತಾನೆ, ಸಣ್ಣ ಹೊಲಿಗೆ ಬೇಕೆನ್ನುತ್ತಾನೆ, ಎಷ್ಟಾಗುತ್ತದೆ ಎಂದು ಕೇಳುತ್ತಾನೆ.

“ಆರೂಕಾಲು ರೂಪಾಯಿ,” ಎನ್ನುತ್ತಾಳೆ ಹುಲಗೆಮ್ಮ. ದನಿ ಸ್ವಲ್ಪ ಒಡೆಯುತ್ತದೆ.

“ಆರೂಕಾಲ? ಎಲ್ಲಾ ಕಡೆ ಐದೈತಲ್ಲಬೇ.”

ಹುಲಗೆಮ್ಮ ಬಾಯಿ ತೆರೆಯುತ್ತಾಳೆ. ಆಕೆ ಬಾಯಿ ಮುಚ್ಚಿ, ಬಗ್ಗಿ, ಒಂದು ಹೊಲಿಗೆ ಹಾಕುತ್ತಾಳೆ. ಇನ್ನೊಂದು. ಮತ್ತೊಂದು. ಮನುಷ್ಯ ನನ್ನ ಮುಖ ನೋಡುತ್ತಾನೆ, ರಸ್ತೆ ನೋಡುತ್ತಾನೆ, ಹಾಸಿದ ಕೌದಿಯ ಹೊಲಿಗೆಯನ್ನು ಬಗ್ಗಿ ನೋಡುತ್ತಾನೆ. ಕೊನೆಗೆ ಅವನು ಕಿಸೆಗೆ ಕೈ ಹಾಕಿ ಮುಂಗಡದ ಒಂದು ರೂಪಾಯಿಯನ್ನು ಕಟ್ಟೆಯ ಮೇಲಿಟ್ಟು, ಗೊಣಗುತ್ತ ಹೊರಡುತ್ತಾನೆ.

ಫಕೀರವ್ವ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಕೊಡ ಖಾಲಿಯೇ ಇದೆ. ಹುಲಗೆಮ್ಮ ಆ ರೂಪಾಯಿಯನ್ನು ಎತ್ತಿ ಅತ್ತೆಯ ಕಡೆ ಚಾಚುತ್ತಾಳೆ.

“ಅತ್ತೀ, ಅಂವ ಹೊಳ್ಳಿ ಹೋಗಿದ್ರ?”

“ಹೋಗಿದ್ರ ಹೋಗ್ತಿದ್ದ,” ಎನ್ನುತ್ತಾಳೆ ಫಕೀರವ್ವ, ತನ್ನ ಮೂಲೆಯಲ್ಲಿ ಕೂತು ಸೂಜಿ ಎತ್ತಿಕೊಳ್ಳುತ್ತ. “ಸಂಜಿತನಕ ನೀ ಬ್ಯಾರೆಯವರದು ಹೊಲೀತಿದ್ದಿ.”